ಬೇಟೆಗಾರನ ಬಾಯೊಳಗೆ ಹೊಕ್ಕು ಬರುವ ಮೀನು

ಮಲಪ್ರಭೆ ಹುಟ್ಟುವ ಕಣಕುಂಬಿಗೆ ಅರಬ್ಬಿ ಸಮುದ್ರ ಹತ್ತಿರ. ಆದರೂ ಹೊಳೆ ಪೂರ್ವಕ್ಕೆ ತಿರುಗಿ, ಸವದತ್ತಿ, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಸೀಮೆಯವರು ಹವಳದ ದಿಬ್ಬ ಕಾಣಬೇಕೆಂದರೆ ಹೊಳೆಗೆ ಬೆನ್ನು ಹಾಕಿ ಘಟ್ಟ ಇಳಿಯಬೇಕು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅಲ್ಲಿ ಮುಳುಗುವವರ ಕಣ್ಣು ಬಣ್ಣಬಣ್ಣದ ದೊಡ್ಡ ಮೀನುಗಳ ಮೇಲೆಯೇ ನಿಲ್ಲುತ್ತದೆ. ನೋಡಲೇಬೇಕಾದದ್ದು ಗೇಣುದ್ದವೂ ಇಲ್ಲದ, ತಲೆಯಿಂದ ಬಾಲದವರೆಗೆ ಕಪ್ಪು ಪಟ್ಟೆ ಹೊತ್ತ ಕ್ಲೀನರ್ ರಾಸ್.

ಬೈಲಹೊಂಗಲದ ಹೊಲಗಳಲ್ಲಿ ಎಮ್ಮೆಯ ಬೆನ್ನೇರಿ ಉಣುಗು ಹೆಕ್ಕುವ ಗೊರವಂಕವನ್ನು ಕಂಡವರಿಗೆ ಇದರ ಕಸುಬು ತಿಳಿದಂತೆಯೇ. ಆದರೆ ಗೊರವಂಕ ಎಮ್ಮೆಯನ್ನು ಹುಡುಕಿಕೊಂಡು ಹೋಗುತ್ತದೆ. ಕಡಲಲ್ಲಿ ಎಮ್ಮೆಯೇ ಗೊರವಂಕದ ಮನೆ ಬಾಗಿಲಿಗೆ ಬರುತ್ತದೆ. ರಾಸ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಸಣ್ಣ ಮೀನುಗಳನ್ನು ನುಂಗಿಯೇ ಬದುಕುವ ಗ್ರೂಪರ್ ಕೂಡ ಅಲ್ಲಿಗೆ ಬಂದು ಬಾಯಿ, ಕಿವಿರು ತೆರೆದು ನಿಲ್ಲುತ್ತದೆ. ರಾಸ್ ಒಳಹೊಕ್ಕು ರಕ್ತ ಹೀರುವ ಪರೋಪಜೀವಿಗಳನ್ನು ಹೆಕ್ಕಿ ಹೊರಬರುತ್ತದೆ. ಒಂದು ರಾಸ್ ದಿನಕ್ಕೆ ಸುಮಾರು 1,200 ಪರೋಪಜೀವಿಗಳನ್ನು ತಿನ್ನುತ್ತದೆಂದು ಆಸ್ಟ್ರೇಲಿಯದ ವಿಜ್ಞಾನಿ ಅಲೆಕ್ಸಾಂಡ್ರಾ ಗ್ರಟರ್ 1996ರಲ್ಲಿ ಲೆಕ್ಕ ಹಾಕಿದರು.

ಇದಕ್ಕೆ ನಿಜವಾಗಿ ರುಚಿಸುವುದು ಮಾತ್ರ ಗಿರಾಕಿಯ ಮೈಮೇಲಿನ ಲೋಳೆ. ಅದನ್ನು ಕಚ್ಚಿದರೆ ಗಿರಾಕಿ ಬೆಚ್ಚಿಬೀಳುತ್ತದೆ, ಅಟ್ಟಿಸಿಕೊಂಡು ಬರುತ್ತದೆ, ಇಲ್ಲವೇ ಬೇರೆ ರಾಸ್ ಹತ್ತಿರ ಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಗಿರಾಕಿ ನೋಡುತ್ತಿದ್ದರೆ ರಾಸ್ ಇಂಥ ಮೋಸ ಕಡಿಮೆ ಮಾಡುತ್ತದೆ ಎಂದು ಗ್ರಟರ್ ಮತ್ತು ರೆಡುವಾನ್ ಬ್ಶಾರಿ 2006ರಲ್ಲಿ ತೋರಿಸಿದರು. ಇಷ್ಟು ಪುಟ್ಟ ತಲೆಯಲ್ಲಿ ಇಂಥ ವ್ಯವಹಾರ ಜ್ಞಾನ!

ಸಂಸಾರವೂ ವಿಚಿತ್ರವೇ. ಒಂದು ಗಂಡು, ಅದರ ಸುತ್ತ ಕೆಲವು ಹೆಣ್ಣು. ಗಂಡು ಸತ್ತರೆ ಎಲ್ಲಕ್ಕಿಂತ ದೊಡ್ಡ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ವರ್ತಿಸತೊಡಗುತ್ತದೆ; ಎರಡು ಮೂರು ವಾರದೊಳಗೆ ಅದರ ದೇಹದಲ್ಲಿ ವೀರ್ಯ ಉತ್ಪತ್ತಿಯಾಗುತ್ತದೆ. ಆಸ್ಟ್ರೇಲಿಯದ ಹೆರಾನ್ ದ್ವೀಪದಲ್ಲಿ ವಿಜ್ಞಾನಿ ರಾಸ್ ರಾಬರ್ಟ್‌ಸನ್ ಇದನ್ನು ಗಮನಿಸಿ 1972ರಲ್ಲಿ ಪ್ರಕಟಿಸಿದರು.

2019ರಲ್ಲಿ ಜಪಾನಿನ ಮಸಾನೋರಿ ಕೊಹ್ಡಾ ತಂಡ ಈ ಮೀನಿಗೆ ಕನ್ನಡಿ ಹಿಡಿಯಿತು. ಗಂಟಲಿನ ಮೇಲೆ ಹಾಕಿದ್ದ ಗುರುತನ್ನು ಕನ್ನಡಿಯಲ್ಲಿ ಕಂಡ ಮೀನು ಗಂಟಲನ್ನು ತಳಕ್ಕೆ ಉಜ್ಜಿಕೊಂಡಿತು. ಪ್ರಯೋಗ ಸೊಗಸಾದದ್ದು, ಆದರೆ ಅಷ್ಟಕ್ಕೇ ಮೀನಿಗೂ ಮನುಷ್ಯನಂಥ ಆತ್ಮಪ್ರಜ್ಞೆ ಇದೆಯೆಂದು ಸಾರುವುದು ಅವಸರದ ಮಾತು.

ಈ ಮೀನಿನ ಮಹತ್ವಕ್ಕೆ ಅದಕ್ಕಿಂತ ತೂಕದ ಸಾಕ್ಷ್ಯ ಆಸ್ಟ್ರೇಲಿಯದ ಲಿಜರ್ಡ್ ದ್ವೀಪದ್ದು. ಅಲ್ಲಿ ಕೆಲವು ದಿಬ್ಬಗಳಿಂದ ರಾಸ್‌ಗಳನ್ನು ಎಂಟೂವರೆ ವರ್ಷ ದೂರವಿಟ್ಟಾಗ ಅಲ್ಲಿನ ಮೀನುಗಳ ಸಂಖ್ಯೆ ಶೇ. 37ರಷ್ಟು, ಜಾತಿಗಳು ಶೇ. 23ರಷ್ಟು ಕಡಿಮೆಯಿದ್ದವು. ಆದ್ದರಿಂದ ಅಕ್ವೇರಿಯಂ ಅಂಗಡಿಯಲ್ಲಿ ಈ ಮೀನು ಕಂಡರೆ ದಯವಿಟ್ಟು ಕೊಳ್ಳಬೇಡಿ. ಗಿರಾಕಿಗಳಿಲ್ಲದ ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಹೊಟ್ಟೆ ತುಂಬುವುದು ಕಷ್ಟ.