ಮಂಡಿಗೆ ಗಾಯ ಆದಾಗ ಹೊಲಿಗೆಗೆ ಮುಂಚೆ ಡಾಕ್ಟರ್ ಏನೇನು ನೋಡ್ತಾರೆ?

ಇಯರ್‌ಫೋನ್ ಹಾಕಿಕೊಂಡು ಗಾಡಿ ಓಡಿಸ್ತಾ ಇದನ್ನ ಕೇಳ್ತಿದ್ರೆ ದಯವಿಟ್ಟು ಪಕ್ಕಕ್ಕೆ ನಿಲ್ಲಿಸಿ, ಯಾಕಂದ್ರೆ ಇವತ್ತಿನ ವಿಷಯ ಗಾಡಿಯಿಂದ ಬಿದ್ದವರದ್ದೇ.

ಮಳೆ, ಗುಂಡಿ, ಒದ್ದೆ ಮಣ್ಣು. ಸ್ಕೂಟರ್ ಸ್ಕಿಡ್ ಆದ್ರೆ ಮೊದಲು ನೆಲಕ್ಕೆ ತಾಗೋದು ಅಂಗೈ ಇಲ್ಲಾ ಮಂಡಿ. ಎರಡು ಇಂಚು ಚರ್ಮ ಸೀಳಿದೆ, ರಕ್ತ ನಿಂತಿದೆ. "ನಾಲ್ಕು ಹೊಲಿಗೆ ಹಾಕಿ ಕಳಿಸಿಬಿಡಿ ಡಾಕ್ಟ್ರೇ, ಆಫೀಸಿಗೆ ಹೋಗ್ಬೇಕು" ಅಂತೀವಿ. ಡಾಕ್ಟರ್ ಮಾತ್ರ ಸೂಜಿ ಮುಟ್ಟೋದೇ ಇಲ್ಲ. ಕಾಲು ನೇರ ಮಾಡಿ ಎತ್ತಿ ಅಂತಾರೆ, ಹೆಬ್ಬೆರಳು ಮೇಲಕ್ಕೆ ಮಾಡಿ ಅಂತಾರೆ, ಎಕ್ಸ್‌ರೇಗೆ ಬರ್ಕೊಡ್ತಾರೆ. ಬಿಲ್ ಜಾಸ್ತಿ ಮಾಡೋಕೆ ಅಂತ ಅನುಮಾನ ಬರೋದು ಸಹಜ. ಆದ್ರೆ ಮಂಡಿ ವಿಷಯದಲ್ಲಿ ಈ ಹತ್ತು ನಿಮಿಷ ತುಂಬಾ ಮುಖ್ಯ.

ಮಂಡಿ ಒಳಗೆ ಏನಿದೆ ನೋಡೋಣ. ಮೇಲಿಂದ ತೊಡೆ ಮೂಳೆ, ಕೆಳಗಿಂದ ಟಿಬಿಯಾ ಅನ್ನೋ ದಪ್ಪ ಮೂಳೆ, ಮುಂದೆ ಮಂಡಿ ಚಿಪ್ಪು. ಈ ಮೂರೂ ಸೇರಿ ಕೀಲು. ಮಧ್ಯೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ, ಮೆನಿಸ್ಕಸ್ ಅಂತಾರೆ. ಮೂಳೆ ಮೂಳೆ ಹಿಡಿದಿಡೋಕೆ ನಾಲ್ಕು ಮುಖ್ಯ ಲಿಗಮೆಂಟ್. ಕ್ರಿಕೆಟ್, ಫುಟ್‌ಬಾಲ್ ನೋಡೋರಿಗೆ ಎಸಿಎಲ್ ಹೆಸರು ಗೊತ್ತೇ ಇರುತ್ತೆ, ಅದು ಇದರಲ್ಲೊಂದು.

ಇವತ್ತಿನ ಕಥೆಗೆ ಬೇಕಾಗಿರೋದು ಇದೆಲ್ಲವನ್ನೂ ಸುತ್ತಿಕೊಂಡಿರೋ ಚೀಲ. ಕೀಲು ಸರಾಗವಾಗಿ ಆಡೋಕೆ ಇದರೊಳಗೆ ಜಾರುವಂಥ ದ್ರವ ಇರುತ್ತೆ. ಚೆನ್ನಾಗಿರೋ ಮಂಡಿಯಲ್ಲಿ ಒಂದು ಸಣ್ಣ ಚಮಚದಷ್ಟೂ ಇರಲ್ಲ. ಈ ಚೀಲ ಚಿಪ್ಪಿನ ಹತ್ತಿರವೇ ಮುಗಿಯುತ್ತೆ ಅಂದ್ಕೊಂಡ್ರೆ ತಪ್ಪು. ಚಿಪ್ಪಿನ ಮೇಲೆ ಮೂರು-ನಾಲ್ಕು ಬೆರಳಿನಷ್ಟು, ತೊಡೆ ಕಡೆಗೆ ಹೋಗಿರುತ್ತೆ. ಹಾಗಾಗಿ "ಗಾಯ ಮಂಡಿಗಲ್ಲ, ತೊಡೆಗೆ" ಅಂತ ನಮಗೆ ಕಂಡರೂ ಅದು ಕೀಲಿನ ಒಳಗೇ ತೆರೆದುಕೊಂಡಿರಬಹುದು.

ತೆರೆದುಕೊಂಡ್ರೆ ಏನಾಗುತ್ತೆ? ರಸ್ತೆಯ ಮಣ್ಣು, ಬ್ಯಾಕ್ಟೀರಿಯಾ ಒಳಗೆ. ಮೂಳೆ ತುದಿಯ ಕಾರ್ಟಿಲೇಜ್‌ಗೆ ಸ್ವಂತ ರಕ್ತನಾಳ ಇಲ್ಲ, ಕೀವಾದ್ರೆ ಕೆಲವೇ ದಿನಗಳಲ್ಲಿ ಸವೆದು ಹೋಗಬಹುದು, ಮತ್ತೆ ಮೊದಲಿನ ಹಾಗೆ ಬೆಳೆಯಲ್ಲ. ಇಂಥ ಗಾಯದ ಮೇಲೆ ನೀಟಾಗಿ ಹೊಲಿಗೆ ಹಾಕಿ ಕಳಿಸಿದ್ರೆ ಕೊಳೆಯನ್ನ ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಕೀಲಿನ ಚೀಲ ತೂತಾಗಿದ್ರೆ ಸಾಮಾನ್ಯವಾಗಿ ಆಪರೇಷನ್ ಥಿಯೇಟರ್‌ನಲ್ಲೇ ಒಳಗೆಲ್ಲ ತೊಳೀಬೇಕು, ಆಂಟಿಬಯೋಟಿಕ್ ಕೊಡಬೇಕು.

ಹೊರಗಿಂದ ಗೊತ್ತಾಗೋದು ಹೇಗೆ? ಸಿಟಿ ಸ್ಕ್ಯಾನ್‌ನಲ್ಲಿ ಕೀಲಿನೊಳಗೆ ಗಾಳಿ ಕಂಡರೆ ಚೀಲ ತೆರೆದಿದೆ ಅಂತ ಅರ್ಥ. ಇನ್ನೊಂದು ಸರಳ ಉಪಾಯ: ಗಾಯದಿಂದ ದೂರ, ಚೆನ್ನಾಗಿರೋ ಚರ್ಮದ ಕಡೆಯಿಂದ ಸಲೈನ್ ಅನ್ನ ಕೀಲಿಗೆ ತುಂಬ್ತಾರೆ, 150 ಮಿಲಿಲೀಟರ್ ಆಸುಪಾಸು ಬೇಕಾಗಬಹುದು. ಗಾಯದಿಂದ ನೀರು ಒಸರಿದ್ರೆ ಉತ್ತರ ಸಿಕ್ಕಿತು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೇ.

ಕಾಲು ನೇರ ಎತ್ತಿಸೋದು ಚಿಪ್ಪಿನ ಮೇಲೆ ಕೆಳಗೆ ಇರೋ ಸ್ನಾಯುರಜ್ಜು ತುಂಡಾಗಿದೆಯಾ ಅಂತ ನೋಡೋಕೆ. ಹೆಬ್ಬೆರಳು ಮೇಲೆತ್ತಿಸೋದು ಯಾಕೆ ಗೊತ್ತಾ? ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಫಿಬುಲಾ ಮೂಳೆಯನ್ನ ಸುತ್ತಿಕೊಂಡು ಒಂದು ನರ ಹೋಗುತ್ತೆ, ಚರ್ಮದ ತೀರಾ ಹತ್ತಿರ. ಅದಕ್ಕೆ ಪೆಟ್ಟಾದ್ರೆ ಪಾದ ಮೇಲೆತ್ತೋಕಾಗಲ್ಲ. ಮರಗಟ್ಟೋ ಇಂಜೆಕ್ಷನ್ ಕೊಟ್ಟ ಮೇಲೆ ಸ್ಪರ್ಶ ಸರಿಯಾಗಿ ಪರೀಕ್ಷೆ ಮಾಡೋಕಾಗಲ್ಲ, ಅದಕ್ಕೇ ಇದೆಲ್ಲ ಮೊದಲೇ.

ಎಲ್ಲಾ ಸರಿ ಇದೆ, ಗಾಯ ಚರ್ಮದ್ದು ಮಾತ್ರ ಅಂತಾದ್ರೆ ಹೊಲಿಗೆ. ಲಿಗ್ನೊಕೇನ್ ಕೊಟ್ಟು ಮರಗಟ್ಟಿಸಿ, ಧಾರಾಳವಾಗಿ ನೀರು ಹಾಯಿಸಿ ತೊಳೀತಾರೆ. ಗಾಯ ಕೀವಾಗದೆ ಇರೋಕೆ ಹೊಲಿಗೆಗಿಂತ ಈ ತೊಳೆಯೋದೇ ದೊಡ್ಡ ಕೆಲಸ. ಅಲ್ಲಿ ಕಾಫಿಪುಡಿ, ಅರಿಶಿನ ಮೆತ್ತಿಕೊಂಡು ಹೋಗಿದ್ರೆ ಅದನ್ನೆಲ್ಲ ಕೆರೆದು ತೆಗೆಯೋಕೇ ಅರ್ಧ ಗಂಟೆ, ಬೈಗುಳ ಬೇರೆ.

ಸೂಜಿ ನೆಟ್ಟಗೆ ಚರ್ಮದೊಳಗೆ ಇಳಿಯಬೇಕು, ಎರಡೂ ಅಂಚಲ್ಲಿ ಒಂದೇ ಆಳ, ಒಂದೇ ದೂರ. ಗಂಟು ಹಾಕಿದಾಗ ಅಂಚುಗಳು ಚೂರು ಮೇಲಕ್ಕೆ ಉಬ್ಬಿರಬೇಕು. ಒಳಕ್ಕೆ ಮಡಚಿದ್ರೆ ಚರ್ಮ ಕೂಡಲ್ಲ. ಬಿಗಿಯಾಗಿ ಎಳೆದ್ರೆ ರಕ್ತ ಸಂಚಾರ ನಿಂತು ಅಂಚು ಕಪ್ಪಾಗುತ್ತೆ, ಗೋಣಿಚೀಲ ಹೊಲಿದ ಹಾಗೆ ಜಗ್ಗೋದಲ್ಲ ಅದು. ದಾರ ಹೆಚ್ಚಾಗಿ ನೈಲಾನ್. ಪ್ಯಾಕೆಟ್ ಮೇಲೆ 3-0, 4-0 ಅಂತಿರುತ್ತೆ, ಸಂಖ್ಯೆ ಹೆಚ್ಚಾದಷ್ಟೂ ದಾರ ಸಣ್ಣ.

ಎಲ್ಲಾ ಗಾಯಕ್ಕೂ ತಕ್ಷಣ ಹೊಲಿಗೆ ಹಾಕಲ್ಲ ಅನ್ನೋದೂ ತಿಳ್ಕೊಳ್ಳಿ. ನಾಯಿ ಕಚ್ಚಿದ ಗಾಯವನ್ನ ಸಾಧ್ಯವಾದಷ್ಟೂ ತೆರೆದೇ ಬಿಡ್ತಾರೆ. ಅದಕ್ಕೆ ಮೊದಲ ಕೆಲಸ 15 ನಿಮಿಷ ಸೋಪು-ನೀರು, ಆಮೇಲೆ ರೇಬಿಸ್ ಲಸಿಕೆ. ಟಿಟಿ ಇಂಜೆಕ್ಷನ್ ಕೊನೇ ಸಲ ಯಾವಾಗ ತಗೊಂಡ್ರಿ ಅಂತಲೂ ಕೇಳ್ತಾರೆ. ಕೊಳಕು ಗಾಯಕ್ಕೆ 5 ವರ್ಷ ದಾಟಿದ್ರೆ ಮತ್ತೆ ಬೇಕು.

ಇನ್ನು ಹೊಲಿಗೆ ಬಿಚ್ಚೋದು. ಮುಖದ್ದು 5 ದಿನಕ್ಕೆ ಬಿಚ್ಚಬಹುದು, ಮಂಡಿಯದ್ದು 10ರಿಂದ 14 ದಿನ. ಕೂತರೆ, ಎದ್ದರೆ, ಮೆಟ್ಟಿಲು ಹತ್ತಿದ್ರೆ ಅಲ್ಲಿನ ಚರ್ಮ ಜಗ್ಗುತ್ತಲ್ಲ, ಅದಕ್ಕೆ. ಬಿಚ್ಚಿದ ದಿನವೇ ಫುಟ್‌ಬಾಲ್ ಆಡೋಕೆ ಓಡಬೇಡಿ, ಕೂಡಿದ ಚರ್ಮಕ್ಕೆ ಆಗಿನ್ನೂ ಬಲ ಬಂದಿರಲ್ಲ. ಮೂರು ತಿಂಗಳಾದ್ರೂ ಹಳೇ ಬಲದ ಸುಮಾರು 80% ಮಾತ್ರ. ಅಷ್ಟರೊಳಗೆ ಮಂಡಿ ಊದಿಕೊಂಡು, ಬಿಸಿಯಾಗಿ, ಮಡಚೋಕೇ ಆಗದಷ್ಟು ನೋವು ಬಂದ್ರೆ, ಜ್ವರ ಬಂದ್ರೆ, ಡೇಟ್ ಬರೋವರೆಗೂ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.