ನಿಮಗಿದು ಗೊತ್ತೇ? ಲ್ಯಾಕ್ಟೋಮೀಟರ್‌ಗೆ ಟೋಪಿ, ಸೀಮೆಸುಣ್ಣದಲ್ಲಿ ಕಾಮನಬಿಲ್ಲು

ಅಕ್ಕಿಯಿಂದ ಕಲ್ಲು ಆರಿಸುವುದನ್ನು ಶಾಲೆಯ ಪುಸ್ತಕ ಎರಡೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತದೆ. ರಸಾಯನ ವಿಜ್ಞಾನದ ಬಹುದೊಡ್ಡ ಶೋಧವೊಂದು ನಡೆದದ್ದು ಹೀಗೆ ಕೂತು ಆರಿಸಿಯೇ, ಗೊತ್ತೇ? 1848ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಎಂಬ 25ರ ಹುಡುಗ ಟಾರ್ಟಾರಿಕ್ ಆಮ್ಲದ ಒಂದು ಲವಣವನ್ನು ಹರಳುಗಟ್ಟಲು ಬಿಟ್ಟಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳುಗಳು ಎರಡು ಬಗೆ. ಒಂದು ಇನ್ನೊಂದರ ಕನ್ನಡಿ ಬಿಂಬ, ಎಡಗೈ ಬಲಗೈ ಇದ್ದ ಹಾಗೆ. ಚಿಮಟ ಹಿಡಿದು ಒಂದೊಂದನ್ನೇ ಎರಡು ಗುಡ್ಡೆ ಮಾಡಿದ. ಒಂದು ಗುಡ್ಡೆಯ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಸಮವಾಗಿ ಬೆರೆಸಿದರೆ ಯಾವ ಕಡೆಗೂ ಇಲ್ಲ. ಆದರೆ ಈ ಹರಳುಗಳು ಹೀಗೆ ಬೇರೆ ಬೇರೆಯಾಗಿ ಕಟ್ಟುವುದು ಸುಮಾರು 27 ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಪ್ರಯೋಗಕ್ಕೆ ಕೂತಿದ್ದರೆ ಪಾಶ್ಚರ್‌ಗೆ ಆರಿಸಲು ಏನೂ ಸಿಗುತ್ತಿರಲಿಲ್ಲ.

ತೂರುವುದು ಬೇರೆ, ಕೇರುವುದು ಬೇರೆ. ಕಣದಲ್ಲಿ ಗಾಳಿ ಕೆಲಸ ಮಾಡಿದರೆ ತೂರುವುದು, ಮೊರದಲ್ಲಿ ಮಣಿಕಟ್ಟು ಕೆಲಸ ಮಾಡಿದರೆ ಕೇರುವುದು. ನೀರಿನಲ್ಲಿ ಆಡಿಸಿ ಕಲ್ಲನ್ನು ತಳದಲ್ಲೇ ಉಳಿಸಿದರೆ ಜಾಲಿಸುವುದು, ಗಂಜಿ ತೆಗೆದರೆ ಬಸಿಯುವುದು, ಟೀ ಆದರೆ ಸೋಸುವುದು, ಮೊಸರಾದರೆ ಕಡೆಯುವುದು. ಇಷ್ಟೆಲ್ಲ ಅಡುಗೆಮನೆಯಲ್ಲೇ ಇರುವಾಗ ಮಕ್ಕಳು ಪರೀಕ್ಷೆಗೆ ‘ಬೇರ್ಪಡಿಸುವ ವಿಧಾನಗಳು’ ಎಂದು ಉರು ಹೊಡೆಯುವುದನ್ನು ನೋಡಿದರೆ ಅಯ್ಯೋ ಅನಿಸುತ್ತದೆ.

ನೀರು ಕುದಿಯುವುದು 100 ಡಿಗ್ರಿಗೆ. ಬೆಂಗಳೂರಿನಲ್ಲಿ ಅಲ್ಲ! ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97ರ ಹತ್ತಿರವೇ ಕೊತಕೊತ ಅನ್ನುತ್ತದೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಥರ್ಮಾಮೀಟರಿನ ಪಾದರಸ 97ಕ್ಕೆ ಬಂದು ನಿಂತಿತು. ಬೀಕರಿನಲ್ಲಿ ಅರ್ಧ ನೀರು ಆವಿಯಾದರೂ ಅದು ಅಲ್ಲಾಡಲಿಲ್ಲ. ಮೇಷ್ಟ್ರು ಬಗ್ಗಿ ನೋಡಿ, “ಥರ್ಮಾಮೀಟರ್ ಕೆಟ್ಟಿದೆ, 100 ಅಂತ ಬರ್ಕೊಳ್ರೋ” ಅಂದರು. ಬರೆದುಕೊಂಡೆವು. ರೆಕಾರ್ಡಿಗೆ ಸಹಿಯೂ ಬಿತ್ತು. ಅಂದು ನಾವು ಗಮನಿಸಬೇಕಿದ್ದದ್ದು ಪಾದರಸ ಎಲ್ಲಿ ನಿಂತಿತು ಅನ್ನುವುದಕ್ಕಿಂತ ಅದು ನಿಂತಿತು ಅನ್ನುವುದನ್ನು, ಶುದ್ಧ ದ್ರವದ ಲಕ್ಷಣ ಅದು. ಉಪ್ಪುನೀರು ಕುದಿಸಿ ನೋಡಿ, ನೀರು ಇಂಗಿದಷ್ಟೂ ಪಾದರಸ ಏರುತ್ತಲೇ ಇರುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲೂ ಇದೇ ಕಥೆ: ಕಬ್ಬಿನ ಹಾಲು ಕುದಿಯಲು ಶುರುವಾಗುವುದು ನೀರಿನ ಆಸುಪಾಸಿನಲ್ಲೇ, ಅಚ್ಚಿಗೆ ಸುರಿಯುವ ಹೊತ್ತಿಗೆ ಪಾಕ 115 ಡಿಗ್ರಿ ದಾಟಿರುತ್ತದೆ. ಅಲ್ಲಿ ಥರ್ಮಾಮೀಟರ್ ಕೇಳುವವರಿಲ್ಲ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿತೇ ಎಂದು ನೋಡಿದರೆ ಮುಗಿಯಿತು.

ಅದೇ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಹಾಕುವುದೂ ಉಂಟು. ಲೋಳೆ ಕಸವನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಚೆಲ್ಲಿದರೆ ಆಯಿತು. ಬೆಲ್ಲ ಬೆಳ್ಳಗೆ ಕಾಣಲೆಂದು ಸುರಿಯುವ ರಾಸಾಯನಿಕ ‘ಹೈಡ್ರೋಸ್’ ಕಸವನ್ನು ತೆಗೆಯುವುದಿಲ್ಲ, ಬಣ್ಣವನ್ನಷ್ಟೇ ತೆಗೆಯುತ್ತದೆ. ಕಂದು ಬೆಲ್ಲಕ್ಕೆ ಮೂಗು ಮುರಿಯುವವರು ಇದನ್ನು ತಿಳಿದಿರಲಿ.

ಪಾದರಸ ಒಂದೇ ಕಡೆ ನಿಂತರೆ ದ್ರವ ಶುದ್ಧ ಎಂದು ಷರಾ ಬರೆಯುವ ಮುನ್ನ ಸ್ಪಿರಿಟ್ಟನ್ನು ನೋಡಿ. 95.6 ಪಾಲು ಆಲ್ಕೊಹಾಲ್, 4.4 ಪಾಲು ನೀರು ಸೇರಿದ ಮಿಶ್ರಣ 78.2 ಡಿಗ್ರಿಗೆ ಅಲುಗಾಡದೆ ಕುದಿಯುತ್ತದೆ, ಥೇಟ್ ಶುದ್ಧ ವಸ್ತುವಿನ ಹಾಗೆ. ಎಷ್ಟು ಸಲ ಬಟ್ಟಿ ಇಳಿಸಿದರೂ ಆ ನೀರು ಬಿಟ್ಟು ಹೋಗುವುದಿಲ್ಲ.

ಯೂರಿಯಾ ಕರಗುವುದು 133 ಡಿಗ್ರಿಗೆ. ಸಿನ್ನಾಮಿಕ್ ಆಮ್ಲವೂ 133ಕ್ಕೇ. ಎರಡನ್ನೂ ಅರೆದು ಬೆರೆಸಿದರೆ? 100ರ ಆಸುಪಾಸಿನಲ್ಲೇ ಕರಗಿಹೋಗುತ್ತದೆ! ಕೈಯಲ್ಲಿರುವ ಬಿಳಿಪುಡಿ ಯೂರಿಯಾವೇ ಹೌದೋ ಎಂಬ ಅನುಮಾನ ಬಂದರೆ ಅದಕ್ಕೆ ಅಸಲಿ ಯೂರಿಯಾ ಬೆರೆಸಿ ಕರಗಿಸಿ ನೋಡಿ. ಅಂಕಿ ಇಳಿಯಿತೋ, ಅದು ಬೇರೆಯದೇ ಪುಡಿ.

ಸೀಮೆಸುಣ್ಣದ ಬುಡದಿಂದ ಒಂದು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಸುತ್ತಲೂ ಗೆರೆ ಎಳೆಯಿರಿ. ತಟ್ಟೆಯಲ್ಲಿ ಚೂರೇ ನೀರು ಹಾಕಿ, ಗೆರೆ ಮುಳುಗದಂತೆ ನಿಲ್ಲಿಸಿ. ಹತ್ತು ನಿಮಿಷದಲ್ಲಿ ಕಪ್ಪು ಒಡೆದು ನೀಲಿ, ಕೆಂಪು, ಹಳದಿ ಒಂದರ ಮೇಲೊಂದು ಹತ್ತತೊಡಗುತ್ತವೆ. (ಬಾಲ್‌ಪೆನ್ ಆದರೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ, ಅದಕ್ಕೆ ಸ್ಪಿರಿಟ್ ಬೇಕು.) ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯವಿಜ್ಞಾನಿ ವಾರ್ಸಾದಲ್ಲಿ ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ರಸ ಇಳಿಸಿ ಹಸಿರು, ಹಳದಿ ಪಟ್ಟೆಗಳನ್ನು ಬೇರೆ ಮಾಡಿದ್ದ. 1906ರಲ್ಲಿ ಅದನ್ನು ಕ್ರೊಮಾಟೋಗ್ರಫಿ ಎಂದು ಕರೆದ, ಗ್ರೀಕ್‌ನಲ್ಲಿ ‘ಬಣ್ಣದ ಬರಹ’. ತ್ಸ್ವೆತ್ ಎಂದರೆ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ. ಬೇಕೆಂದೇ ತನ್ನ ಹೆಸರನ್ನು ಅದರೊಳಗೆ ತೂರಿಸಿದನೋ ಏನೋ.

ಹಾಲಿಗೆ ನೀರು ಹಾಕಿದರೆ ಲ್ಯಾಕ್ಟೋಮೀಟರ್ ಮುಳುಗುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ. ಆದರೆ ಕೆನೆ ತೆಗೆದರೆ? ಕೊಬ್ಬು ಹಗುರ, ಅದು ಹೋದ ಹಾಲು ಇನ್ನಷ್ಟು ಗಟ್ಟಿ ಎಂದೇ ಲ್ಯಾಕ್ಟೋಮೀಟರ್ ಮೇಲೇಳುತ್ತದೆ. ಹಾಗಾಗಿ ಮೊದಲು ಕೆನೆ ತೆಗೆದು, ಆಮೇಲೆ ಲೆಕ್ಕವಾಗಿ ನೀರು ಹೊಯ್ದರೆ ಲ್ಯಾಕ್ಟೋಮೀಟರಿನ ಡಿಗ್ರಿ ಅಲ್ಲಿಂದಲ್ಲಿಗೆ ಸರಿ! ಡೇರಿಯಲ್ಲಿ ಡಿಗ್ರಿ ಒಂದನ್ನೇ ನಂಬದೆ ‘ಫ್ಯಾಟ್ ಎಷ್ಟು ಬಂತು’ ಎಂದು ಬೇರೆಯಾಗಿ ನೋಡುವುದು ಇದಕ್ಕೇ. ಅಂದಹಾಗೆ, ಪ್ಯಾಕೆಟ್ಟಿನ ಮೇಲೆ ‘ಶುದ್ಧ ಹಾಲು’ ಎಂದಿದ್ದರೂ ರಸಾಯನ ವಿಜ್ಞಾನಿಯ ಲೆಕ್ಕದಲ್ಲಿ ಹಾಲು ಅಪ್ಪಟ ಮಿಶ್ರಣ.

ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದರಲ್ಲಿ ಸೋಡಿಯಂ ಕ್ಲೋರೈಡಿನ ತಪ್ಪಿಗಿಂತ ಅದರ ಜೊತೆ ಬಂದ ಮೆಗ್ನೀಸಿಯಂ ಕ್ಲೋರೈಡಿನ ಪಾತ್ರವೇ ಹೆಚ್ಚು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಂಥ ಗದ್ದೆಗಳಲ್ಲಿ ಕಡಲ ನೀರು ಬತ್ತುವಾಗ ಮೊದಲು ಕೂರುವುದು ಸುಣ್ಣ, ಜಿಪ್ಸಂ. ಆಮೇಲೆ ಉಪ್ಪು. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಲವಣಗಳು. ಕಹಿನೀರು ಪೂರ್ತಿ ಬಸಿಯದಿದ್ದರೆ ನಿಮ್ಮ ಡಬ್ಬಿ ಬೆವರುತ್ತದೆ.

1785ರಲ್ಲಿ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿದ್ದ ಆಮ್ಲಜನಕ, ಸಾರಜನಕಗಳನ್ನೆಲ್ಲ ತೆಗೆದುಹಾಕಿ ನೋಡಿದರೆ ಒಂದು ಪುಟ್ಟ ಗುಳ್ಳೆ ಉಳಿಯಿತು. 120ರಲ್ಲಿ ಒಂದು ಪಾಲೂ ಇರಲಿಲ್ಲ. ಬರೆದಿಟ್ಟ. ನೂರು ವರ್ಷ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೊನೆಗೆ ಲಾರ್ಡ್ ರ್‍ಯಾಲೀ ತೂಗಿ ನೋಡಿದಾಗ, ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕಗಳಿಂದ ಮಾಡಿದ್ದಕ್ಕಿಂತ ಶೇ. 0.5ರಷ್ಟು ಭಾರ ಬಂತು. ಬೇರೆ ಯಾರಾದರೂ ಆಗಿದ್ದರೆ ನಮ್ಮ ಮೇಷ್ಟ್ರ ಹಾಗೆ ತಕ್ಕಡಿಯನ್ನು ಬೈದು 100 ಅಂತ ಬರೆದುಕೊಳ್ಳುತ್ತಿದ್ದರು. 1894ರಲ್ಲಿ ಆತ ಮತ್ತು ವಿಲಿಯಂ ರಾಮ್ಸೆ ಸೇರಿ ಆ ಗುಳ್ಳೆಗೆ ಹೆಸರಿಟ್ಟರು: ಆರ್ಗಾನ್. ಗ್ರೀಕ್‌ನಲ್ಲಿ ಸೋಮಾರಿ.