ಕೊಕ್ಕೆಗೆ ಸಿಕ್ಕ ಅಂಗಡಿ

ನಲ್ಲಿಯೊಳಗಿನ ವಾಷರ್ ಸವೆದು ನೀರು ತೊಟ್ಟಿಕ್ಕುತ್ತಿದೆ ಎಂದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಗೆ ಹೋದವರಲ್ಲಿ ಬಹಳ ಮಂದಿಗೆ ಆ ವಸ್ತುವಿನ ಹೆಸರೇ ಗೊತ್ತಿರುವುದಿಲ್ಲ. ‘ನಲ್ಲಿ ಒಳಗೆ ಕಪ್ಪಗೆ ದುಂಡಗೆ ಇರುತ್ತಲ್ಲಣ್ಣ, ಅದು ಕೊಡಿ’ ಎಂದು ಬೆರಳಲ್ಲಿ ಗಾತ್ರ ತೋರಿಸಿ ಕೇಳುತ್ತಾರೆ. ‘ಅರ್ಧ ಇಂಚಿಂದಾ, ಮುಕ್ಕಾಲಿಂದಾ?’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಗೊತ್ತಿಲ್ಲ. ಪಕ್ಕದಲ್ಲಿ ಪ್ಲಂಬರುಗಳು ಉದ್ದನೆಯ ಚೀಟಿ ಹಿಡಿದು ನಿಂತಿದ್ದಾರೆ, ಅವರಿಗೆ ಅವಸರ. ‘ಆಮೇಲೆ ಬರ್ತೀನಿ’ ಎಂದು ಹೊರಟವರು ಆಮೇಲೆ ಬರುವುದಿಲ್ಲ. ಹೆಂಗಸರು, ವಯಸ್ಸಾದವರು, ಊರಿಗೆ ಹೊಸಬರು ಹೀಗೆ ಬರಿಗೈಯಲ್ಲಿ ಹಿಂದಿರುಗುವುದನ್ನು ಯಾವ ಪೇಟೆಯಲ್ಲಿ ನಿಂತರೂ ನೋಡಬಹುದು.

ಅದೇ ವಾಷರು ಪಾರದರ್ಶಕ ಪೊಟ್ಟಣದಲ್ಲಿ, ಕಣ್ಣಿನ ಮಟ್ಟದಲ್ಲಿ, ಅಳತೆಯ ಕ್ರಮದಲ್ಲಿ ಗೋಡೆಯ ಮೇಲೆ ತೂಗುತ್ತಿದ್ದರೆ ಹೆಸರು ಬೇಕಿಲ್ಲ. ಮನೆಯಿಂದ ತಂದ ಹಳೆಯದನ್ನು ಪಕ್ಕಕ್ಕೆ ಹಿಡಿದು ನೋಡಿದರೆ ಆಯಿತು. ಪೆಗ್‌ಬೋರ್ಡ್ ಎಂಬ ತೂತುತೂತಿನ ಹಲಗೆಯನ್ನು ಅಂಗಡಿಯ ಅಲಂಕಾರ ಎಂದು ತಿಳಿದವರೇ ಹೆಚ್ಚು. ನನ್ನ ಮಟ್ಟಿಗೆ ಅದು ಹೆಸರು ಗೊತ್ತಿಲ್ಲದ ಗಿರಾಕಿಗೆ ಅಂಗಡಿ ತೋರಿಸುವ ಮರ್ಯಾದೆ. ಜೋಡಣೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯಬೇಕಾದದ್ದೂ ಆ ಮರ್ಯಾದೆಯಿಂದಲೇ.

ಮಾಲನ್ನು ತೂಗುಹಾಕಿ ಮಾರುವುದು ನಮಗೇನೂ ಹೊಸದಲ್ಲ. ಬಾಳೆಗೊನೆ, ಹಗ್ಗದ ಸುರುಳಿ, ಪೊರಕೆ, ಬಿದಿರು ಬುಟ್ಟಿ ಎಲ್ಲವೂ ಅಂಗಡಿಯ ಸೂರಿನಿಂದ ಇಳಿಬಿದ್ದೇ ಬಿಕರಿಯಾಗುತ್ತಿದ್ದವು. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಶಾಂಪೂವನ್ನು ಪುಟ್ಟ ಸ್ಯಾಶೆಗೆ ತುಂಬುವ ದಾರಿ ತೋರಿಸಿದ ಮೇಲೆ, 1983ರಲ್ಲಿ ಅವರ ಮಗ ರಂಗನಾಥನ್ ಚಿಕ್ ಶಾಂಪೂ ಶುರುಮಾಡಿದ ಮೇಲೆ, ಸ್ಯಾಶೆಯ ಸರಗಳು ಹಳ್ಳಿಯ ಕಿರಾಣಿ ಅಂಗಡಿಯ ಮುಂಬಾಗಿಲನ್ನೇ ಮುಚ್ಚಿದವು. ಹೊಸದಾಗಿ ಬಂದದ್ದು, ತೂಗುಹಾಕಿದ ಮಾಲನ್ನು ಗಿರಾಕಿ ತಾನೇ ಕೈಯಾರೆ ತೆಗೆದುಕೊಳ್ಳಬಹುದು ಎಂಬ ಪದ್ಧತಿ.

ಆ ಪದ್ಧತಿಗೆ ದೊಡ್ಡ ಬಾಗಿಲು ತೆರೆದದ್ದು ಅಮೆರಿಕದ ಮೆಂಫಿಸ್ ನಗರದಲ್ಲಿ. ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 1916ರಲ್ಲಿ ಅಲ್ಲಿ ಪಿಗ್ಲಿ ವಿಗ್ಲಿ ಎಂಬ ದಿನಸಿ ಅಂಗಡಿ ತೆರೆದು, ಗಿರಾಕಿಗಳು ತಾವೇ ಸಾಲುಗಳ ನಡುವೆ ಓಡಾಡಿ ಬುಟ್ಟಿ ತುಂಬಿಕೊಳ್ಳುವಂತೆ ಮಾಡಿದ. ಅಲ್ಲಿಯವರೆಗೆ ಅಲ್ಲೂ ನಮ್ಮ ಹಾಗೆಯೇ, ಕೌಂಟರಿನಲ್ಲಿ ನಿಂತು ಕೇಳಬೇಕಿತ್ತು. ಎಂಟು ವರ್ಷದ ನಂತರ, 1924ರಲ್ಲಿ, ಮಿಸಿಸಿಪ್ಪಿಯ ಲಾರೆಲ್ ಎಂಬ ಊರಿನಲ್ಲಿ ವಿಲಿಯಂ ಮೇಸನ್ ಹಾರ್ಡ್‌ಬೋರ್ಡ್ ಕಂಡುಹಿಡಿದ. ಈತ ಥಾಮಸ್ ಎಡಿಸನ್ ಜೊತೆ ಕೆಲಸ ಮಾಡಿದ್ದವನು. ಸಾಮಿಲ್ಲುಗಳು ಬಿಸಾಡುತ್ತಿದ್ದ ಮರದ ಚೂರುಗಳನ್ನು ಹಬೆಯ ಒತ್ತಡದಲ್ಲಿ ಸಿಡಿಸಿ, ನಾರು ಮಾಡಿ, ಬಿಸಿ ಪ್ರೆಸ್ಸಿನಲ್ಲಿ ಅದುಮಿದ. ಹೊರಗಿನ ಅಂಟೇ ಬೇಕಾಗಲಿಲ್ಲ. ಮರದೊಳಗಿನ ಲಿಗ್ನಿನ್ ನಾರುಗಳನ್ನು ಬೆಸೆಯಿತು. ಮೇಸೊನೈಟ್ ಎಂದು ಹೆಸರಾದ ಆ ಹಲಗೆಗೆ ಸಾಲಾಗಿ ತೂತು ಕೊರೆದದ್ದೇ ಪೆಗ್‌ಬೋರ್ಡ್.

ತೂತಿಗೂ ಒಂದು ಲೆಕ್ಕವಿದೆ. ದಪ್ಪ ಹಲಗೆಯಲ್ಲಿ ಕಾಲು ಇಂಚಿನ ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಒಂದು ಇಂಚು. ಎಂಟಡಿ ನಾಲ್ಕಡಿಯ ಒಂದು ಶೀಟಿನಲ್ಲಿ ಸುಮಾರು ನಾಲ್ಕೂವರೆ ಸಾವಿರ ತೂತು, ಅಂದರೆ ಕೊಕ್ಕೆ ಕೂರಬಲ್ಲ ಅಷ್ಟು ಜಾಗ. ಮೊಳೆ ಹೊಡೆದರೆ ಮಾಲು ಅಲ್ಲೇ ಶಾಶ್ವತ. ಇಲ್ಲಿ ಇವತ್ತಿನ ಜಾಗ ನಾಳೆಗೆ ಬದಲಾಗಬಹುದು. ದೀಪಾವಳಿಗೆ ಸೀರಿಯಲ್ ಲೈಟು, ಜೂನ್‌ನಲ್ಲಿ ಶಾಲೆಯ ಲೇಬಲ್ಲು ಪೆನ್ಸಿಲ್ಲು, ಮಳೆಗಾಲಕ್ಕೆ ಟಾರ್ಚು ಸೆಲ್ಲು ಎಂದು ಅದೇ ಗೋಡೆ ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಮಳೆಗಾಲ ಎಂದೊಡನೆ ಒಂದು ಮಾತು. ಹಾರ್ಡ್‌ಬೋರ್ಡು ತೇವಕ್ಕೆ ಉಬ್ಬುತ್ತದೆ. ಸಾಗರ, ತೀರ್ಥಹಳ್ಳಿ, ಉಡುಪಿ ಕಡೆಯ ತೇವದ ಗೋಡೆಗೆ ಅದನ್ನು ಹಚ್ಚಿ ಬಡಿದರೆ ಕೆಲವೇ ಮಳೆಗಾಲದಲ್ಲಿ ತೂತಿನ ಅಂಚು ಪುಡಿಪುಡಿಯಾಗಿ ಕೊಕ್ಕೆ ಜೋತುಬೀಳುತ್ತದೆ. ಅಲ್ಲಿಗೆ ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಶೀಟೇ ಸರಿ. ಯಾವ ಊರಾದರೂ ಹಲಗೆಯ ಹಿಂದೆ ಮುಕ್ಕಾಲು ಇಂಚಿನ ರೀಪು ಕೊಟ್ಟು ಗೋಡೆಯಿಂದ ಬಿಡಿಸಿ ಕೂರಿಸಬೇಕು. ಕೊಕ್ಕೆಯ ಬಾಗಿದ ತುದಿ ಹಿಂದೆ ತಿರುಗಿ ನಿಲ್ಲಲು ಆ ಜಾಗ ಬೇಕೇ ಬೇಕು.

ಕೊಕ್ಕೆಯ ಉದ್ದವನ್ನು ಮಾತ್ರ ಯಾರೂ ಯೋಚಿಸಿ ಆರಿಸುವುದಿಲ್ಲ. ಆರಿಂಚಿನ ಕೊಕ್ಕೆಯ ತುಂಬ ಒಟ್ಟು ಒಂದು ಕೆಜಿ ಮಾಲು ಹಾಕಿದಿರಿ ಎನ್ನಿ. ಭಾರದ ನಡುಬಿಂದು ಹಲಗೆಯಿಂದ ಮೂರಿಂಚು ದೂರ. ಕೊಕ್ಕೆಯ ಕೆಳಗಾಲು ಒಂದಿಂಚು ಕೆಳಗೆ ಊರಿದ್ದರೆ, ಮೇಲಿನ ತೂತನ್ನು ಅದು ಮೂರು ಕೆಜಿಯಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತಿರುತ್ತದೆ. ಹಾಗಾಗಿ ಸುತ್ತಿಗೆ, ಸ್ಪ್ಯಾನರ್, ಬೀಗದಂಥ ಭಾರದ ಮಾಲಿಗೆ ಗಿಡ್ಡ ಕೊಕ್ಕೆ, ಅಗಲದ ಪೊಟ್ಟಣಕ್ಕೆ ಜೋಡಿ ಕೊಕ್ಕೆ. ಉದ್ದದ ಕೊಕ್ಕೆ ಟೆಫ್ಲಾನ್ ಟೇಪಿನಂಥ ಹಗುರದ, ದಿನಾ ಓಡುವ ಮಾಲಿಗೆ.

ಇದರಲ್ಲಿ ಬಂಡವಾಳದ ಮಾತೂ ಅಡಗಿದೆ. ಖಾಲಿ ಕೊಕ್ಕೆ ಕಂಡರೆ ತುಂಬಿಸಬೇಕು ಎನಿಸುವುದು ವ್ಯಾಪಾರಿಯ ಸ್ವಭಾವ. ತಿಂಗಳಿಗೊಂದು ಹೋಗುವ ಮಾಲನ್ನು ಉದ್ದದ ಕೊಕ್ಕೆಗೆ ಹಾಕಿದರೆ ಹತ್ತು ಪೀಸು ತರಿಸುತ್ತೀರಿ, ಒಂಬತ್ತರ ದುಡ್ಡು ಗೋಡೆಯಲ್ಲಿ ನೇತಾಡುತ್ತದೆ. ಎರಡಿಂಚಿನ ಕೊಕ್ಕೆಗೆ ಹಾಕಿದರೆ ಮೂರು ಪೀಸಿಗೇ ಕೊಕ್ಕೆ ಭರ್ತಿ.

ಇನ್ನು ಯಾವುದರ ಪಕ್ಕ ಯಾವುದು ಎಂಬ ಪ್ರಶ್ನೆ. ಬಹುತೇಕ ಅಂಗಡಿಗಳಲ್ಲಿ ಮಾಲು ಬಂದ ಡಬ್ಬದ ಪ್ರಕಾರ ಗೋಡೆ ತುಂಬುತ್ತದೆ. ಒಂದು ಕಂಪನಿಯ ಸರಕೆಲ್ಲ ಒಂದೆಡೆ, ಇನ್ನೊಂದರದು ಇನ್ನೊಂದೆಡೆ. ಸೇಲ್ಸ್‌ಮನ್ನಿಗೆ ಇದು ಅನುಕೂಲ, ಬಿಲ್ಲಿನ ಲೆಕ್ಕಕ್ಕೂ ಅನುಕೂಲ. ಆದರೆ ನಲ್ಲಿ ಸೋರುತ್ತಿರುವವರು ಕಂಪನಿ ಹುಡುಕಿಕೊಂಡು ಬಂದಿರುವುದಿಲ್ಲ. ಅವರ ತಲೆಯಲ್ಲಿರುವುದು ಮನೆಯಲ್ಲಿ ಬಾಕಿ ಬಿದ್ದ ಒಂದು ಕೆಲಸ. ಅವರಿಗೆ ವಾಷರು, ಅದರ ಪಕ್ಕ ಸ್ಪಿಂಡಲ್, ಅದರ ಪಕ್ಕ ಟೆಫ್ಲಾನ್ ಟೇಪು, ಕೆಳಗೆ ಒಂದು ಸಣ್ಣ ಸ್ಪ್ಯಾನರು ಒಂದೇ ನೋಟಕ್ಕೆ ಸಿಗಬೇಕು. ಚಿತ್ರಪಟ ತೂಗುಹಾಕುವವರಿಗೆ ಮೊಳೆ, ಪ್ಲಗ್ಗು, ಡ್ರಿಲ್ ಬಿಟ್ ಒಟ್ಟಿಗೆ. ಸೀರೆಗೆ ಫಾಲ್ ಹಚ್ಚುವವರಿಗೆ ಸೂಜಿ, ದಾರ, ಗುಂಡುಪಿನ್ನು ಒಟ್ಟಿಗೆ. ಮನೆಗೆ ಹೋದ ಮೇಲೆ ‘ಅಯ್ಯೋ, ಟೇಪು ತರಲೇ ಇಲ್ಲ’ ಎಂದು ಮತ್ತೆ ಬಿಸಿಲಲ್ಲಿ ನಡೆದು ಬರುವ ಗೋಳು ತಪ್ಪುತ್ತದೆ.

ಕ್ರಮ ಅಡ್ಡಕ್ಕಿರಬೇಕೋ ಉದ್ದಕ್ಕೋ? ಉದ್ದಕ್ಕೆ ಎನ್ನುತ್ತೇನೆ. ಗಿರಾಕಿ ಗೋಡೆಯ ಪಕ್ಕ ನಡೆದು ಬರುವಾಗ ಕಣ್ಣು ಅಡ್ಡಡ್ಡ ಹರಿಯುತ್ತದೆ. ಒಂದೊಂದು ಬಗೆಯ ಸಾಮಾನು ಮೇಲಿನಿಂದ ಕೆಳಗಿನವರೆಗೆ ಒಂದೊಂದು ಪಟ್ಟಿಯಾಗಿದ್ದರೆ, ನಡೆದುಹೋಗುವಾಗ ಎಲ್ಲ ಬಗೆಯೂ ಕಣ್ಣಿಗೆ ಬೀಳುತ್ತವೆ. ಬೇಕಾದ ಪಟ್ಟಿಯ ಮುಂದೆ ನಿಂತ ಮೇಲೆ ಗಾತ್ರ ಹುಡುಕಲು ಕಣ್ಣು ಮೇಲೆ ಕೆಳಗೆ ಆಡಿದರೆ ಸಾಕು. ಸಣ್ಣದು ಮೇಲೆ, ದೊಡ್ಡದು ಕೆಳಗೆ. ಅಡ್ಡಸಾಲಿನಲ್ಲಿಟ್ಟರೆ ಮೊಣಕಾಲ ಬಳಿಯ ಸಾಲಿನ ಬಗೆ ಇಡಿಯಾಗಿ ಕಣ್ತಪ್ಪುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಅಂಗಡಿಗಳು ಗಿರಾಕಿಗಳಿಗೆ, ಅದರಲ್ಲೂ ಹೆಂಗಸರಿಗೆ, ಬಹಳ ಅನ್ಯಾಯ ಮಾಡಿವೆ. ಜಾಗ ಚಿಕ್ಕದು, ಬಾಡಿಗೆ ದುಬಾರಿ, ಆದ್ದರಿಂದ ಸೂರಿನವರೆಗೂ ಮಾಲು ಏರುತ್ತದೆ. ಐದಡಿ ಎತ್ತರದವರ ಕಣ್ಣು ನಾಲ್ಕೂವರೆ ಅಡಿಗಿಂತ ಸ್ವಲ್ಪ ಮೇಲಿರುತ್ತದೆ. ಅವರ ಕೈ ಸಲೀಸಾಗಿ ಎಟಕುವುದು ಆರಡಿಯೊಳಗೆ. ಅದರ ಮೇಲಿರುವ ಮಾಲನ್ನು ಮತ್ತೆ ಕೇಳಿಯೇ ಪಡೆಯಬೇಕು, ಹುಡುಗ ಕೋಲಿನಲ್ಲಿ ಇಳಿಸಬೇಕು. ಹಾಗಾದರೆ ಪೆಗ್‌ಬೋರ್ಡ್ ಯಾಕೆ? ಆರಡಿಯ ಮೇಲಿನ ಜಾಗ ದಾಸ್ತಾನಿಗೆ, ಇಲ್ಲವೇ ಬಗೆಯ ಹೆಸರು ಬರೆದ ಫಲಕಕ್ಕೆ ಇರಲಿ. ಮಕ್ಕಳ ಸ್ಟಿಕ್ಕರು, ರಬ್ಬರು ಎರಡು ಮೂರಡಿಯಲ್ಲಿ. ಬ್ಲೇಡು, ಕಟ್ಟರು, ಗಮ್ಮಿನ ಟ್ಯೂಬು ಮಗುವಿನ ಕೈಗೆ ಎಟಕದ ಎತ್ತರದಲ್ಲಿ. ಮೆಮೊರಿ ಕಾರ್ಡಿನಂಥ ಚಿಕ್ಕ, ದುಬಾರಿ ವಸ್ತು ಗಲ್ಲಾಪೆಟ್ಟಿಗೆಯ ಬದಿಗೆ.

ಪೊಟ್ಟಣಗಳ ನಡುವೆ ಬೆರಳು ತೂರುವಷ್ಟು ಸಂದು ಬೇಕು. ಕೊಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದೆ, ಮಾಲು ಜಾರಿಬೀಳದಿರಲಿ ಎಂದು. ಪೊಟ್ಟಣವನ್ನು ಆ ಬಾಗಿನ ಮೇಲಿಂದ ಎತ್ತಿ ತೆಗೆಯಬೇಕಾದ್ದರಿಂದ ಮೇಲೆ ಎರಡು ಬೆರಳಿನಷ್ಟಾದರೂ ಜಾಗ ಇರಲೇಬೇಕು. ಅದಿಲ್ಲದ ಕಡೆ ಗಿರಾಕಿ ಎಳೆಯುತ್ತಾರೆ, ಪೊಟ್ಟಣದ ತಲೆಯ ತೂತು ಹರಿಯುತ್ತದೆ, ಹರಿದ ಪೊಟ್ಟಣವನ್ನು ಮುಂದಿನವರು ಮುಟ್ಟುವುದಿಲ್ಲ. ಫ್ಯಾನಿನ ನೇರ ಕೆಳಗೆ ಹಗುರ ಪೊಟ್ಟಣ ತೂಗುಹಾಕಿದವರಿಗೆ ಇನ್ನೊಂದು ತೊಂದರೆ ಗೊತ್ತಿರುತ್ತದೆ. ಗಾಳಿಗೆ ಎಲ್ಲವೂ ತಿರುಗಿ ಬೆನ್ನು ತೋರಿಸಿ ನಿಲ್ಲುತ್ತವೆ.

ಪೆಗ್‌ಬೋರ್ಡಿನ ಕಠಿಣ ಪರೀಕ್ಷೆ ನಡೆಯುವುದು ಮೊಬೈಲ್ ಅಂಗಡಿಯಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಲ್ಲೂಕು ಬಸ್‌ಸ್ಟ್ಯಾಂಡಿನ ಎದುರಿನ ಮಳಿಗೆಯವರೆಗೆ ಗೋಡೆಯ ತುಂಬ ಬ್ಯಾಕ್ ಕವರು, ಟೆಂಪರ್ಡ್ ಗ್ಲಾಸು. ನೋಡಲು ಎಲ್ಲ ಒಂದೇ ಥರ, ಆದರೆ ಕ್ಯಾಮೆರಾ ಕಿಂಡಿ ಕೂದಲೆಳೆಯಷ್ಟು ಸರಿದರೂ ಹೊಂದುವುದಿಲ್ಲ. ಬಣ್ಣದ ಪ್ರಕಾರ ಜೋಡಿಸಿದರೆ ಫೋಟೊಗೆ ಚೆನ್ನ, ವ್ಯಾಪಾರಕ್ಕೆ ನರಕ. ಬಲ್ಲವರು ಮೊದಲು ಬ್ರಾಂಡು, ಅದರೊಳಗೆ ಮಾಡೆಲ್, ಒಂದು ಮಾಡೆಲ್ಲಿಗೆ ಒಂದು ಕೊಕ್ಕೆ ಎಂದು ಇಟ್ಟುಕೊಳ್ಳುತ್ತಾರೆ. ಬಣ್ಣಗಳು ಆ ಕೊಕ್ಕೆಯೊಳಗೇ ಒಂದರ ಹಿಂದೆ ಒಂದು. ಹೊಸ ಮಾಡೆಲ್ಲು ಕಣ್ಣಿನ ಮಟ್ಟಕ್ಕೆ ಬಂದಂತೆ ಹಳೆಯವು ಅಂಚಿಗೆ, ಅಲ್ಲಿಂದ ಕೆಳಗಿಳಿಯುತ್ತವೆ. ಕೆಳಗಿನ ಸಾಲಿಗೆ ಬಂದದ್ದನ್ನು ಅಲ್ಲೇ ಮರೆಯದೆ ಬೆಲೆ ಇಳಿಸಿ ಕಳಿಸಿಬಿಡುವವರ ಕೈಯಲ್ಲಿ ಮಾತ್ರ ದುಡ್ಡು ಉಳಿಯುತ್ತದೆ.

ತುಂಬಿಸುವ ಕೆಲಸವನ್ನು ಸಾಮಾನ್ಯವಾಗಿ ಅಂಗಡಿಯ ಅತಿ ಹೊಸ ಹುಡುಗನಿಗೋ ಹುಡುಗಿಗೋ ಒಪ್ಪಿಸುತ್ತಾರೆ, ಹೇಗೆ ಎಂದು ಹೇಳಿಕೊಡುವುದಿಲ್ಲ. ಹೊಸ ಮಾಲನ್ನು ಮುಂದಿನಿಂದ ಪೋಣಿಸುವುದು ಸುಲಭ. ಹಾಗೆ ಮಾಡಿದರೆ ಹಳೆಯದು ಹಲಗೆಗೆ ಒತ್ತಿಕೊಂಡು ವರ್ಷಗಟ್ಟಲೆ ಕೂರುತ್ತದೆ. ರಬ್ಬರು ಬಿರುಸಾಗುತ್ತದೆ, ಸೆಲ್ಲು ಸೋರುತ್ತದೆ, ಗಮ್ಮು ಟ್ಯೂಬಿನೊಳಗೇ ಗಟ್ಟಿಯಾಗುತ್ತದೆ, ಒಂದು ದಿನ ಅದು ಯಾರೋ ಬಡಪಾಯಿಯ ಕೈ ಸೇರುತ್ತದೆ. ಇರುವುದನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ಹೊಸದನ್ನು ಹಿಂದೆ ಹಾಕಿ, ಹಳೆಯದನ್ನು ಮುಂದೆ ತರಬೇಕು. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಎರಡು ನಿಮಿಷವನ್ನು ಮಾಲೀಕರು ಸಂಬಳದ ಕೆಲಸವೆಂದು ಎಣಿಸಬೇಕು, ಸೋಮಾರಿತನವೆಂದು ಗದರಬಾರದು.

ತುಂಬಿಸುವವರಿಗೆ ಯಾವ ಜಾಗ ಯಾವುದರದೆಂದೂ ತಿಳಿಯಬೇಕು. ಅಮೆರಿಕದ ಅಡುಗೆ ಲೇಖಕಿ ಜೂಲಿಯಾ ಚೈಲ್ಡ್ ಅವರ ಅಡುಗೆಮನೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. 2001ರಲ್ಲಿ ಆಕೆ ಅದನ್ನು ದಾನ ಕೊಟ್ಟರು. ಗಂಡ ಪಾಲ್ ಅಲ್ಲಿನ ಪೆಗ್‌ಬೋರ್ಡಿನ ಮೇಲೆ ಪ್ರತಿ ಪಾತ್ರೆಯ ಆಕಾರವನ್ನು ಗೆರೆಯಲ್ಲಿ ಬಿಡಿಸಿದ್ದರು. ಬಾಣಲೆ ಒಲೆಯ ಮೇಲಿದ್ದರೂ ಅದರ ಜಾಗ ಯಾವುದೆಂದು ಗೋಡೆ ಹೇಳುತ್ತಿತ್ತು. ಕಾರ್ಖಾನೆಗಳ ಟೂಲ್ ಬೋರ್ಡುಗಳಲ್ಲೂ ಇದೇ ಪದ್ಧತಿ. ಅಂಗಡಿಯವರು ಗೆರೆ ಬಿಡಿಸಬೇಕಿಲ್ಲ. ಕೊನೆಯ ಪೊಟ್ಟಣದ ಹಿಂದೆ, ಹಲಗೆಯ ಮೇಲೆ, ವಸ್ತುವಿನ ಹೆಸರಿನ ಒಂದು ಸ್ಟಿಕ್ಕರು ಅಂಟಿಸಿದರೆ ಸಾಕು. ಮಾಲು ಮುಗಿದ ಕ್ಷಣ ಹೆಸರು ಕಾಣುತ್ತದೆ, ಆರ್ಡರ್ ಪುಸ್ತಕಕ್ಕೆ ಏರುತ್ತದೆ. ಸ್ಟಿಕ್ಕರಿಲ್ಲದ ಖಾಲಿ ಕೊಕ್ಕೆಗೆ ಪಕ್ಕದ ಮಾಲು ಬಂದು ಕೂರುತ್ತದೆ, ಮುಗಿದ ವಸ್ತು ಮರೆತೇಹೋಗುತ್ತದೆ.

ಬೆಲೆಯ ಚೀಟಿ ಅಂಟಿಸುವಾಗ ಪೊಟ್ಟಣದ ಮೇಲಿನ ಅಕ್ಷರ ಮುಚ್ಚಬಾರದು. ತಯಾರಕರ ವಿಳಾಸ, ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಕಾಣುವಂತಿರಬೇಕು ಎಂದು ಲೀಗಲ್ ಮೆಟ್ರಾಲಜಿಯ 2011ರ ನಿಯಮ ಹೇಳುತ್ತದೆ. ಸಗಟಿನಲ್ಲಿ ತಂದ ಸ್ಕ್ರೂಗಳನ್ನು ಜಿಪ್ ಕವರಿಗೆ ತುಂಬಿ ತೂಗುಹಾಕುವವರು ಇದನ್ನು ಪೂರ್ತಿ ಮರೆಯುತ್ತಾರೆ.

ಕೊನೆಗೆ ಭಾಷೆಯ ಮಾತು. ಅಂಗಡಿಯ ಹೊರಗಿನ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಎಂದು ನಮ್ಮ ರಾಜ್ಯ 2024ರಲ್ಲಿ ಕಾಯ್ದೆ ತಿದ್ದಿತು. ಒಳಗೆ ಕಾಲಿಟ್ಟರೆ ಕೊಕ್ಕೆಯ ಚೀಟಿಗಳಲ್ಲಿ ಒಂದಕ್ಷರ ಕನ್ನಡವಿಲ್ಲ. ಕೊಳ್ಳುವವರು ಓದಬೇಕಾದದ್ದು ಅದನ್ನೇ. ‘ನಲ್ಲಿ ವಾಷರ್, ಅರ್ಧ ಇಂಚು’, ‘ಕುಕ್ಕರ್ ಗ್ಯಾಸ್ಕೆಟ್, ಐದು ಲೀಟರ್’, ‘ಮಿಕ್ಸಿ ಕಪ್ಲರ್’ ಎಂದು ದಪ್ಪಕ್ಷರದಲ್ಲಿ ಬರೆಯಲು ಒಂದು ಮಾರ್ಕರ್ ಪೆನ್ನು ಸಾಕು. ಇಡೀ ಅಂಗಡಿಗೆ ಒಂದೇ ಸಲ ಕೈಹಾಕಬೇಕಿಲ್ಲ. ಹೆಚ್ಚು ಜನ ‘ಅದು ಕೊಡಿ, ಇದು ಕೊಡಿ’ ಎಂದು ತಡವರಿಸುವ ಮಾಲು ಯಾವುದೋ, ಅದರ ನಾಲ್ಕಡಿ ಪಟ್ಟಿಯಿಂದ ಶುರುಮಾಡಿ, ಒಂದು ತಿಂಗಳು ಓಡಿಸಿ ನೋಡಿ ಮುಂದಿನ ಶೀಟಿಗೆ ಆರ್ಡರ್ ಕೊಡಬಹುದು.